ಪರಸ್ಥಳದಲ್ಲಿ ಕೆಟ್ಟ ದೀಪ – ಒಂದು ಅನುಭವ



ನಾವು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿರುವವರು. ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ವಿದ್ಯುತ್ತಿನ ವಿಷಯ ಬರೆಯುವಷ್ಟು ತಿಳಿವಳಿಕೆ ನಮಗಿಲ್ಲ. ಆದರೂ 2024ರ ಮೇ ತಿಂಗಳಲ್ಲಿ ತಮಿಳುನಾಡಿನಲ್ಲಿ ನಮಗಾದ ಅನುಭವ, ನಮ್ಮ ಹಾಗೆ ಸರಕು ಎಳೆದುಕೊಂಡು ಓಡಾಡುವ ಮನೆಗಳವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ಚಿಕ್ಕ ಮಗನಿಗೆ ಒಂದು ಮರದ ಗಾಣ ಹಾಕಿಕೊಡಬೇಕೆಂಬ ಆಸೆಯಿತ್ತು. ಆದಿನಾಥ ಸ್ವಾಮಿಗೆ ಇಕ್ಷುರಸದ ಆಹಾರವಾದ ಅಕ್ಷಯ ತೃತೀಯ ಆ ವರ್ಷ ಮೇ 10ರಂದು ಬಂದಿತ್ತು. ಅಂದು ಬೆಳಿಗ್ಗೆ ಗಾಣದ ಪೂಜೆಯೆಂದು ಬಂಧುಗಳಿಗೆಲ್ಲ ಹೇಳಿಬಿಟ್ಟಿದ್ದೆವು. ಸ್ನೇಹಿತರೊಬ್ಬರ ಎರಡು ಗಾಲಿಯ ಟ್ರೈಲರನ್ನು ನಮ್ಮ ಜೀಪಿಗೆ ಕಟ್ಟಿಕೊಂಡು ಹೊರಟೆವು. ದೀಪದ ಕೇಬಲ್ ಹಳೆಯದು, ಐನೂರು ರೂಪಾಯಿ ಹಾಕಿ ಬದಲಾಯಿಸಿಕೊಳ್ಳಿ ಎಂದು ಅವರು ಮೊದಲೇ ಹೇಳಿದ್ದರು. ಬಂದ ಮೇಲೆ ನೋಡೋಣವೆಂದು ನಾವು ಆ ಹಣ ಉಳಿಸಿದೆವು.

ಕೊಯಮತ್ತೂರಿನಲ್ಲಿ ಗಾಣ ಹೇರಿಸಿ, ಕಾಂಗೇಯದಲ್ಲಿ ಕೊಬ್ಬರಿಯ ಬಾಕಿ ವ್ಯವಹಾರ ಮುಗಿಸಿ, ಮೇ 9ರ ಮಧ್ಯಾಹ್ನ ವಿಜಯಮಂಗಲದ ಚಂದ್ರಪ್ರಭ ಸ್ವಾಮಿಯ ದರ್ಶನ ಮಾಡಿ ಊರಿನ ಕಡೆ ತಿರುಗಿದೆವು. ಅವಿನಾಶಿ, ಸತ್ಯಮಂಗಲ, ಬಣ್ಣಾರಿಯ ಮೇಲೆ ದಿಂಬಂ ಘಾಟಿ ಹತ್ತಬೇಕು. ಅಲ್ಲಿ 27 ತಿರುವುಗಳು. ರಾತ್ರಿ ಸಂಚಾರಕ್ಕೆ ನಿರ್ಬಂಧ ಬೇರೆ. ಕತ್ತಲಾಗುವ ಮೊದಲು ಬಣ್ಣಾರಿ ಸೇರುವ ಅವಸರ ನಮ್ಮದು.

ತಿರುಪ್ಪೂರು ಜಿಲ್ಲೆಯ ಪೆರುಮಾನಲ್ಲೂರಿನ ಹತ್ತಿರ ನಾಯಿಯೊಂದು ಅಡ್ಡ ಬಂತು. ಮಗ ಬ್ರೇಕು ಹಾಕಿದ. ನಾಯಿ ಉಳಿಯಿತು. ಆದರೆ ಹಿಂದೆ ಬರುತ್ತಿದ್ದ ಮೋಟಾರ್ ಸೈಕಲ್ ಕಿರ್ರೆಂದು ಜಾರಿ, ಟ್ರೈಲರಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಅದರ ಮೇಲೆ ಗಂಡ, ಹೆಂಡತಿ, ನಡುವೆ ಒಂದು ಮಗು. ಆತ ತಮಿಳಿನಲ್ಲಿ ಬೈದದ್ದು ನಮಗೆ ಪೂರ್ತಿ ಅರ್ಥವಾಗಲಿಲ್ಲ. "ಲೈಟು" ಎಂಬ ಮಾತು ಮಾತ್ರ ಅರ್ಥವಾಯಿತು.

ಇಳಿದು ನೋಡಿದರೆ ಕೇಬಲ್ ಜೋತು ಬಿದ್ದು ರಸ್ತೆಗೆ ಉಜ್ಜಿ, ಒಳಗಿನ ತಂತಿಗಳು ಹೊರಗೆ ಕಾಣುತ್ತಿದ್ದವು. ಬ್ರೇಕಿನ ದೀಪವಿಲ್ಲ. ಎಡಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಮಂಕಾಗಿ ಮಿಣುಕುತ್ತಿದ್ದವು. ಜೀಪಿನ ದೀಪಗಳು ಸರಿಯಿದ್ದವು, ಆದರೆ ಟ್ರೈಲರಿನ ಮೇಲಿದ್ದ ಗಾಣ ಅವನ್ನು ಮರೆಮಾಡಿತ್ತು. "ಟೇಪು ಸುತ್ತಪ್ಪ, ಹೊತ್ತಿಗೆ ಮುಂಚೆ ಹೋಗಿಬಿಡೋಣ" ಎಂದೆವು. ಮಗ ಕೋಪ ಮಾಡಿಕೊಳ್ಳಲಿಲ್ಲ. "ಅಪ್ಪಾಜಿ, ಆ ಮಗು ಇನ್ನೂ ಅಳ್ತಾ ಇದೆ" ಎಂದಷ್ಟೇ ಹೇಳಿದ. ನಮ್ಮ ಬಾಯಿ ಕಟ್ಟಿತು.

ನಿಧಾನವಾಗಿ, ಮಗ ಕಿಟಕಿಯಿಂದ ಕೈ ತೋರಿಸುತ್ತ, ಅವಿನಾಶಿಯ ಒಬ್ಬ ಎಲೆಕ್ಟ್ರಿಷಿಯನ್ ಅಂಗಡಿಗೆ ಬಂದೆವು. ಆ ಹುಡುಗ ಒಂದು ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡು, ಮೊದಲು ಜೀಪಿನ ಕಡೆಯ ಏಳು ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಜೀಪಿನಿಂದ ಕರೆಂಟು ಸರಿಯಾಗಿಯೇ ಬರುತ್ತಿತ್ತು. ಆಮೇಲೆ ಬಿಳಿ ತಂತಿ ಹಿಡಿದು "ಅಯ್ಯಾ, ಅರ್ತ್ ಇಲ್ಲೈ" ಎಂದ.

ಅವನು ಕೈಸನ್ನೆಯಲ್ಲಿ ತಿಳಿಸಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಇಂಡಿಕೇಟರಿಗೆ, ಬ್ರೇಕಿಗೆ, ಹಿಂದಿನ ದೀಪಕ್ಕೆ ಕರೆಂಟು ಬೇರೆ ಬೇರೆ ತಂತಿಯಲ್ಲಿ ಹೋಗುತ್ತದೆ. ಹಿಂತಿರುಗಿ ಬರುವುದಕ್ಕೆ ಎಲ್ಲಕ್ಕೂ ಆ ಬಿಳಿಯದೊಂದೇ ದಾರಿ. ಅದು ತುಂಡಾದರೆ ಕರೆಂಟು ಇನ್ನೊಂದು ದೀಪದೊಳಗೆ ನುಗ್ಗಿ ದಾರಿ ಹುಡುಕುತ್ತದೆ. ಆಗ ಎಲ್ಲವೂ ಮಂಕು, ಎಲ್ಲವೂ ಸುಳ್ಳು ಸನ್ನೆ. ಹತ್ತು ಕಡೆ ಸಾಲ ಕೊಟ್ಟು ವಸೂಲಿ ನಿಂತ ಅಂಗಡಿಯ ಲೆಕ್ಕವೂ ಹೀಗೇ ಅಲ್ಲವೇ?

ಅವನು ತೇಪೆ ಹಾಕಲು ಒಪ್ಪಲಿಲ್ಲ. ಟೇಪಿನೊಳಗೆ ನೀರು ಸೇರಿ ತಂತಿ ಹಸಿರು ಕಟ್ಟುತ್ತದೆಂದು, ಪೂರ್ತಿ ಹೊಸ ಕೇಬಲ್, ಹೊಸ ಪ್ಲಗ್ಗು ಹಾಕಿದ. ಅರ್ತಿನ ಬೋಲ್ಟು ಕೂರುವ ಕಡೆ ಬಣ್ಣ ಕೆರೆದು ಕಬ್ಬಿಣ ಕಾಣುವಂತೆ ಮಾಡಿದ. ತಿರುವಿನಲ್ಲಿ ಎಳೆಯದಷ್ಟು ಸಡಿಲ ಬಿಟ್ಟು, ನೆಲ ಮುಟ್ಟದಂತೆ ಕೇಬಲ್ ಕಟ್ಟಿದ. ಹೊತ್ತು ಮುಳುಗುವ ಮೊದಲು ನಾವು ಅವನ ಬೆಂಚಿನ ಮೇಲೆಯೇ ಬುತ್ತಿ ಬಿಚ್ಚಿ ಊಟ ಮುಗಿಸಿದೆವು. ಕೆಲಸ ಮುಗಿದಾಗ ರಾತ್ರಿಯಾಗಿತ್ತು. ಸಾಮಾನು, ಕೂಲಿ ಸೇರಿ 850 ರೂಪಾಯಿ. ಹೆಚ್ಚಿಗೆ ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ರಾತ್ರಿ ಅವಿನಾಶಿಯಲ್ಲೇ ತಂಗಿದೆವು. ಮುಹೂರ್ತ ತಪ್ಪಿತು. ಗಾಣದ ಪೂಜೆ 11ರಂದು ನಡೆಯಿತು. ಬಂಧುಗಳು ಒಂದಿಬ್ಬರು ಅಪಶಕುನವೆಂದರು. ಎಣ್ಣೆಯೇನೋ ಚೆನ್ನಾಗಿಯೇ ಬಂತು.

ಇಂಗ್ಲೆಂಡಿನಲ್ಲಿರುವ ನಮ್ಮ ಅಕ್ಕನ ಮಗನಿಗೆ ಫೋನಿನಲ್ಲಿ ಇದನ್ನು ಹೇಳಿದೆವು. ಅಲ್ಲಿಯವರು ಕಾರಿನ ಹಿಂದೆ ಮನೆಯಂಥ ಕ್ಯಾರವಾನ್ ಕಟ್ಟಿಕೊಂಡು ದೇಶ ದೇಶ ತಿರುಗುತ್ತಾರಂತೆ. ಅಲ್ಲಿ ಈಗ ಹದಿಮೂರು ಪಿನ್ನಿನ ಪ್ಲಗ್ಗು ಬಳಕೆಯಲ್ಲಿದೆ. ಆದರೂ ಹೊರಡುವ ಮುನ್ನ ಒಬ್ಬರು ಒಳಗೆ ಕೂತು ಒಂದೊಂದೇ ದೀಪ ಹಾಕುವುದು, ಇನ್ನೊಬ್ಬರು ಹಿಂದೆ ನಿಂತು ನೋಡುವುದು ಅಲ್ಲಿಯ ವಾಡಿಕೆ. ಎರಡು ನಿಮಿಷದ ಕೆಲಸ. ಈಗ ನಾವೂ ಹಾಗೆಯೇ ಮಾಡುತ್ತೇವೆ. ಒಂದು ಪ್ಲಗ್ಗು, ನಾಲ್ಕು ಬಲ್ಬು, ಫ್ಯೂಸುಗಳು ಗಾಡಿಯಲ್ಲೇ ಇರುತ್ತವೆ.

ನೀರು ಸೋಸಿ ಕುಡಿಯುವ ಮನೆತನ ನಮ್ಮದು. ಇರುವೆ ಕಂಡರೆ ಹೆಜ್ಜೆ ತಪ್ಪಿಸುತ್ತೇವೆ. ಅಂಥವರು ಐನೂರು ರೂಪಾಯಿ ಉಳಿಸಲು ಹೋಗಿ ಒಂದು ಸಂಸಾರವನ್ನೇ ಅಪಾಯಕ್ಕೆ ತಳ್ಳಿದ್ದೆವು. ನಸುಕಿನಲ್ಲಿ ನಮ್ಮ ಮುನಿಗಳು, ಮಾತಾಜಿಯವರು ವಿಹಾರ ಮಾಡುವುದೂ ಇಂಥ ರಸ್ತೆಗಳಲ್ಲೇ. ಆ ಮಗುವಿನ ಅಳು ಈಗಲೂ ಒಮ್ಮೊಮ್ಮೆ ಕೇಳಿಸುತ್ತದೆ. ಆಗ ಎದ್ದುಹೋಗಿ ಟ್ರೈಲರಿನ ದೀಪ ಹಾಕಿ ನೋಡಿ ಬಂದು ಮಲಗುತ್ತೇವೆ.