ಫಾರ್ಮ್ಯಾಟ್ ಮಾಡಿಸ್ಬೇಡಿ ಅಪ್ಪಯ್ಯ!

ನಮ್ಮಲ್ಲಿ ಕಂಪ್ಯೂಟರಿಗೆ ಬರುವ ಸಕಲ ರೋಗಗಳಿಗೂ ಒಂದೇ ಮದ್ದು... ಫಾರ್ಮ್ಯಾಟ್. ಸ್ಲೋ ಆಗಿದೆಯಾ? ಫಾರ್ಮ್ಯಾಟ್. ವೈರಸ್ ಬಂದಿದೆಯಾ? ಫಾರ್ಮ್ಯಾಟ್. ಪ್ರಿಂಟರ್ ಕೆಲಸ ಮಾಡ್ತಿಲ್ವಾ? ಯಾವುದಕ್ಕೂ ಇರಲಿ, ಒಂದ್ಸಲ ಫಾರ್ಮ್ಯಾಟ್ ಮಾಡಿಬಿಡೋಣ ಸಾರ್... :) ನೆಗಡಿ ಆಯ್ತು ಅಂತ ಮೂಗನ್ನೇ ಕೊಯ್ದುಕೊಂಡ ಹಾಗೆ. ಅದರಲ್ಲೂ ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಇದ್ದರಂತೂ ಕೇಳುವುದೇ ಬೇಡ. ಯಾವುದು ಕೈಕೊಟ್ಟರೂ ಇನ್ನೊಂದರ ಮೇಲೆ ಗೂಬೆ ಕೂರಿಸಿ, ಎರಡನ್ನೂ ಅಳಿಸಿಹಾಕುವುದು!

ನಮ್ಮ ತೀರ್ಥಹಳ್ಳಿ ಕಡೆಯ ಮನೆಯಲ್ಲಿ 2012ರಲ್ಲಿ ಕೊಂಡ ಒಂದು ಡೆಸ್ಕ್‌ಟಾಪ್ ಇದೆ. ಅದರಲ್ಲಿದ್ದದ್ದು ವಿಂಡೋಸ್ 10. ಆ ವಿಂಡೋಸಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಷ್ಟು ಹಳೆಯ ಯಂತ್ರ ವಿಂಡೋಸ್ 11ರ ಪಟ್ಟಿಯಲ್ಲೇ ಬರುವುದಿಲ್ಲ. ಆ ದೀಪಾವಳಿಗೆ ಊರಿಗೆ ಹೋದಾಗ ಅದರ ಪಕ್ಕದಲ್ಲೇ ಲಿನಕ್ಸ್ ಮಿಂಟ್ ಹಾಕಿಕೊಟ್ಟು ಬಂದೆ. ಇಂಟರ್ನೆಟ್ಟಿಗೆ ಮಿಂಟ್, ಬರವಣಿಗೆಗೆ ವಿಂಡೋಸ್ ಅಂತ ಒಪ್ಪಂದ.

ವಿಂಡೋಸ್ ಉಳಿಸಿಕೊಳ್ಳಲು ಕಾರಣ 'ನುಡಿ'. ಅಪ್ಪಯ್ಯ ನಿವೃತ್ತ ಕನ್ನಡ ಮೇಷ್ಟ್ರು. ಅಜ್ಜಿ ಹಾಡುತ್ತಿದ್ದ ಹಸೆಗೆ ಕರೆಯೋ ಹಾಡು, ನೀರೆರೆಯೋ ಹಾಡು, ತೊಟ್ಟಿಲ ಹಾಡುಗಳನ್ನೆಲ್ಲ ಅವಳ ಪಕ್ಕ ಕೂತು ಬರೆದುಕೊಂಡು, ರಾತ್ರಿ ನುಡಿಯಲ್ಲಿ ಟೈಪ್ ಮಾಡಿಡುವುದು ಅವರ ಹಲವು ವರ್ಷಗಳ ಕೆಲಸ. ಬರೆದುಕೊಂಡ ನೋಟ್‌ಬುಕ್ಕುಗಳು ಒರಲೆ ಪಾಲಾದವು. ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇದೆ, ಆದರೆ ಎರಡು ವರ್ಷ ಹಳೆಯದು. ಆ ಎರಡು ವರ್ಷದಲ್ಲಿ ಸೇರಿದ ಹಾಡುಗಳು ಇದ್ದದ್ದು ಡಿ ಡ್ರೈವಿನಲ್ಲಿ ಮಾತ್ರ. ಅಜ್ಜಿಗೆ ಈಗ ತೊಂಬತ್ತೊಂದು. ಕೇಳಿದರೆ "ನಂಗೆ ಹಾಡು ಎಲ್ಲಿ ಬರ್ತದೆ ಮಗಾ?" ಅಂತ ನಗುತ್ತಾಳೆ. ಮತ್ತೆ ಕೇಳಿ ಬರೆದುಕೊಳ್ಳೋಣ ಅನ್ನುವ ಹಾಗಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ, ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆ ಅಪ್ಪಯ್ಯನ ಫೋನು.

"ಅಲ್ಲ ಮಾರಾಯಾ, ಕರೀ ಪರದೆ ಮೇಲೆ 'ಎರರ್: ನೋ ಸಚ್ ಪಾರ್ಟಿಷನ್' ಅಂತ ಬಂದಿದೆ. ಕೆಳಗೆ 'ಗ್ರಬ್ ರೆಸ್ಕ್ಯೂ' ಅಂತೆ. ವಿಂಡೋಸೂ ಇಲ್ಲ, ನಿನ್ನ ಮಿಂಟೂ ಇಲ್ಲ. ಪೇಟೆಯ ಅಂಗಡಿ ಹುಡುಗನಿಗೆ ಫೋನ್ ಮಾಡಿದ್ದೆ. ಮಧ್ಯಾಹ್ನ ಬಂದು ಪೂರ್ತಿ ಫಾರ್ಮ್ಯಾಟ್ ಮಾಡಿಕೊಡ್ತಾನಂತೆ."

"ಫಾರ್ಮ್ಯಾಟ್ ಮಾಡಿಸ್ಬೇಡಿ ಅಪ್ಪಯ್ಯ! ನಿನ್ನೆ ಕಂಪ್ಯೂಟರ್ ಯಾರಾದ್ರೂ ಮುಟ್ಟಿದ್ರಾ?"

ಮುಟ್ಟಿದ್ದರು. ಅದೇ ಹುಡುಗ ಪ್ರಿಂಟರ್ ಸರಿಮಾಡಲು ಬಂದವನು, ಖಾಲಿ ಬಿದ್ದಿದ್ದ ಇ ಡ್ರೈವ್ ನೋಡಿ "ಜಾಗ ಸುಮ್ನೆ ವೇಸ್ಟ್ ಆಗ್ತಿದೆ ಸಾರ್" ಅಂತ ಅದನ್ನು ಅಳಿಸಿ ಡಿ ಡ್ರೈವಿಗೆ ಸೇರಿಸಿಕೊಟ್ಟಿದ್ದ. ಪಾಪ, ಉಪಕಾರ ಮಾಡಲೆಂದೇ ಹೋಗಿದ್ದು. ಅಷ್ಟು ಕೇಳಿದ ಮೇಲೆ ನನಗೆ ಅರ್ಧ ಜೀವ ಬಂತು.

ಯಾಕೆ ಅಂತ ಹೇಳ್ತೀನಿ ಕೇಳಿ. ಇಂಥ ಹಳೇ ಪದ್ಧತಿಯ ಡಿಸ್ಕಿನಲ್ಲಿ ಮೊಟ್ಟಮೊದಲ 512 ಬೈಟುಗಳೇ ಹೆಬ್ಬಾಗಿಲು. ಅದರಲ್ಲಿ 446 ಬೈಟು ಬೂಟ್ ಮಾಡಿಸುವ ಪುಟ್ಟ ಪ್ರೋಗ್ರಾಮಿಗೆ, 64 ಬೈಟು ಪಾರ್ಟಿಷನ್ ಪಟ್ಟಿಗೆ, ಉಳಿದ 2 ಬೈಟು ಗುರುತಿಗೆ. ಪಟ್ಟಿಯಲ್ಲಿ ಒಂದು ಪಾರ್ಟಿಷನ್ನಿಗೆ 16 ಬೈಟು, ಅಂದರೆ ನಾಲ್ಕಕ್ಕೇ ಜಾಗ. ಹೆಚ್ಚು ಬೇಕಾದರೆ ಒಂದನ್ನು ಎಕ್ಸ್‌ಟೆಂಡೆಡ್ ಮಾಡಿ ಅದರ ಹೊಟ್ಟೆಯೊಳಗೆ ಲಾಜಿಕಲ್ ಪಾರ್ಟಿಷನ್ ಮಾಡಬೇಕು. ಲಿನಕ್ಸ್ ಲೆಕ್ಕದಲ್ಲಿ ಅವಕ್ಕೆ 5ರಿಂದ ನಂಬರು. ನಮ್ಮನೆ ಯಂತ್ರದಲ್ಲಿ ಡಿ 5, ಇ 6, ಮಿಂಟ್ 7. ಈ ನಂಬರುಗಳು ರೇಷನ್ ಅಂಗಡಿಯ ಸಾಲಿದ್ದ ಹಾಗೆ... ನಡುವಿನ ಒಬ್ಬ ಎದ್ದುಹೋದರೆ ಹಿಂದಿನವರೆಲ್ಲ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಇ ಹೋಯಿತು, 7 ಇದ್ದ ಮಿಂಟ್ 6 ಆಯಿತು. ಮೆನು ತೋರಿಸುವ ಗ್ರಬ್ ಮಾತ್ರ ಇನ್ನೂ ಏಳನೇ ನಂಬರಿನ ಮನೆ ಹುಡುಕುತ್ತಾ "ಅಂಥಾ ಮನೆಯೇ ಇಲ್ಲ" ಅನ್ನುತ್ತಿತ್ತು. ವಿಂಡೋಸಿಗೆ ಹೋಗುವ ದಾರಿಯೂ ಅದೇ ಮೆನುವಿನ ಮೂಲಕ, ಹಾಗಾಗಿ ಅದೂ ಬಂದ್. ಮನೆ, ಸಾಮಾನು ಎಲ್ಲ ಅಲ್ಲೇ ಇದೆ. ವಿಳಾಸ ಮಾತ್ರ ತಪ್ಪಿದೆ!

ಸರಿ, ಫೋನಿನಲ್ಲೇ ಪಾಠ ಶುರು.

"ಎಲ್, ಎಸ್, ಎಂಟರ್."

ಅಪ್ಪಯ್ಯ ಓದಿದರು. ಎಂಎಸ್‌ಡಾಸ್6, ಎಂಎಸ್‌ಡಾಸ್5, ಎಂಎಸ್‌ಡಾಸ್1. ಏಳು ಇಲ್ಲ. ನನ್ನ ಲೆಕ್ಕ ಸರಿಯಾಗಿತ್ತು.

"ಈಗ ಎಲ್‌ಎಸ್, ಸ್ಪೇಸ್, ಬ್ರಾಕೆಟ್ ಓಪನ್..."

"ಆವರಣ ಚಿಹ್ನೆ ಅನ್ನೋ."

"ಹ್ಞೂಂ, ಆವರಣ ಚಿಹ್ನೆ. ಒಂಬತ್ತರ ಕೀಲಿ ಮೇಲಿದೆ, ಶಿಫ್ಟ್ ಹಿಡ್ಕೊಂಡು ಒತ್ತಿ." :)

ಆರು ಅನ್ನುವ ಬದಲು ಅವರು ಐದು ಅಂತ ಒತ್ತಿಬಿಟ್ಟರು. ಬಂದ ಉತ್ತರ 'ಅನ್‌ನೋನ್ ಫೈಲ್‌ಸಿಸ್ಟಮ್'. ಐದು ಅಂದರೆ ಡಿ ಡ್ರೈವ್, ಹಾಡುಗಳಿರುವ ಜಾಗ. ಫೋನಿನ ಆ ತುದಿಯಲ್ಲಿ ಸದ್ದೇ ಇಲ್ಲ. ಈ ಹಂತದಲ್ಲಿ ಓಡುತ್ತಿರುವ ಗ್ರಬ್ ಬಹಳ ಚಿಕ್ಕದು, ಅದಕ್ಕೆ ಲಿನಕ್ಸಿನ ಫೈಲ್‌ಸಿಸ್ಟಮ್ ಒಂದೇ ಓದಲು ಬರುತ್ತದೆ, ವಿಂಡೋಸಿನದ್ದು ಬರುವುದಿಲ್ಲ, ಬರೀ ಕನ್ನಡ ಕಲಿತವನ ಮುಂದೆ ಮಲಯಾಳಂ ಪತ್ರಿಕೆ ಇಟ್ಟ ಹಾಗೆ... ಅಂತ ವಿವರಿಸಿದೆ. "ಪತ್ರಿಕೆ ಇದೆ ತಾನೆ?" ಅಂದರು. ಇದೆ ಅಂದೆ.

ಆರನ್ನು ನೋಡಿದರು. "'ಲಾಸ್ಟ್' ಅಂತ ಬಂತಲ್ಲೋ!"

"ಮುಂದೆ ಓದಿ."

"'ಪ್ಲಸ್ ಫೌಂಡ್'... ಆಮೇಲೆ 'ಬೂಟ್', 'ಇಟಿಸಿ', 'ಹೋಮ್'..."

ಸಿಕ್ಕಿತು! 'ಲಾಸ್ಟ್ ಪ್ಲಸ್ ಫೌಂಡ್' ಅನ್ನುವುದು ಲಿನಕ್ಸ್ ಪಾರ್ಟಿಷನ್ನಿನ ಬುಡದಲ್ಲೇ ಕಾಣುವ ಫೋಲ್ಡರ್. ಮುಂದಿನದು ನಾಲ್ಕೇ ಸಾಲು. 'ಸೆಟ್ ರೂಟ್' ಅಂತ ಆರನೇ ನಂಬರು ಕೊಡುವುದು, 'ಸೆಟ್ ಪ್ರಿಫಿಕ್ಸ್' ಅಂತ ಅದರೊಳಗಿನ ಬೂಟ್-ಗ್ರಬ್ ಫೋಲ್ಡರಿನ ದಾರಿ ಕೊಡುವುದು, ಆಮೇಲೆ 'ಇನ್ಸ್‌ಮಾಡ್ ನಾರ್ಮಲ್', ಕೊನೆಗೆ 'ನಾರ್ಮಲ್'. ಅಪ್ಪಯ್ಯನ ಟೈಪಿಂಗಿನಲ್ಲಿ ನಲವತ್ತು ನಿಮಿಷ ಹಿಡಿಯಿತು. ಮೆನು ಬಂತು, ಮಿಂಟ್ ಎದ್ದಿತು.

ಆದರೆ ಹೀಗೆ ಟೈಪ್ ಮಾಡಿದ್ದು ಯಂತ್ರ ಆಫ್ ಮಾಡುವ ತನಕ ಮಾತ್ರ. ರೀಸ್ಟಾರ್ಟ್ ಮಾಡುವ ಮುಂಚೆ ಟರ್ಮಿನಲ್ಲಿನಲ್ಲಿ ಎರಡು ಕಮಾಂಡ್ ಆಗಲೇಬೇಕು. ಹೊಸ ವಿಳಾಸವನ್ನು ಡಿಸ್ಕಿಗೆ ಬರೆಯುವ 'ಗ್ರಬ್-ಇನ್‌ಸ್ಟಾಲ್', ಮೆನು ಹೊಸದಾಗಿ ಕಟ್ಟುವ 'ಅಪ್‌ಡೇಟ್-ಗ್ರಬ್'. ಮೊದಲನೆಯದಕ್ಕೆ ಕೊಡಬೇಕಾದ್ದು ಇಡೀ ಡಿಸ್ಕಿನ ಹೆಸರು, ಪಾರ್ಟಿಷನ್ನಿನ ನಂಬರಲ್ಲ. ಅವೂ ಆದವು.

ಅಷ್ಟರಲ್ಲಿ ಅಪ್ಪಯ್ಯ ತಡೆಯಲಾರದೆ ಮಿಂಟಿನಿಂದಲೇ ಡಿ ಡ್ರೈವ್ ಹೊಕ್ಕು ಹಾಡಿನ ಫೈಲೊಂದನ್ನು ತೆರೆದಿದ್ದರು.

"ಎಲ್ಲ ಹೋಗಿದೆ ಮಾರಾಯಾ... ಬರೀ ಇಂಗ್ಲಿಷ್ ಅಕ್ಷರ, ತಲೆಬುಡ ಇಲ್ಲ."

ಅವರ ದನಿ ಆ ಥರ ಆಗಿದ್ದು ನಾನು ಕೇಳಿದ್ದು ಕಡಿಮೆ. ನಿಮಗೆ ಗೊತ್ತಿರುತ್ತದೆ, ನುಡಿಯ ಹಳೇ ಫಾಂಟುಗಳು ಯುನಿಕೋಡ್ ಅಲ್ಲ. ಫೈಲಿನ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳೇ, ಅವಕ್ಕೆ ಕನ್ನಡದ ವೇಷ ಹಾಕುವುದು ಫಾಂಟು. ಮಿಂಟಿನಲ್ಲಿ ಆ ಫಾಂಟ್ ಇಲ್ಲ, ಹಾಗಾಗಿ ವೇಷ ಇಲ್ಲ. "ರೀಸ್ಟಾರ್ಟ್ ಮಾಡಿ, ಮೆನುವಿನಲ್ಲಿ ವಿಂಡೋಸ್ ಆರಿಸಿ" ಅಂದೆ. ಐದು ನಿಮಿಷ ಬಿಟ್ಟು ಫೋನಿನಲ್ಲಿ ಅಪ್ಪಯ್ಯ ತೊಟ್ಟಿಲ ಹಾಡಿನ ಸಾಲು ಓದಿ ಹೇಳಿದರು. ಹಿಂದಿನಿಂದ ಅಮ್ಮ, "ಕೊನೆಗಾರ ಬಂದು ಕೂತಿದಾನೆ, ಕಂಪ್ಯೂಟರ್ ಆಮೇಲೆ ನೋಡಿ" ಅಂತ ಕೂಗುತ್ತಿದ್ದಳು. :)

ಆವತ್ತು ಮೂರು ಸಲ ಹೋಯಿತು ಅಂದುಕೊಂಡಿದ್ದು ಮೂರು ಸಲವೂ ಇತ್ತು, ಕಾಣುತ್ತಿರಲಿಲ್ಲ ಅಷ್ಟೇ. ಮೊದಲು ವಿಳಾಸ ತಪ್ಪಿತ್ತು, ಆಮೇಲೆ ಓದುವವನಿಗೆ ಭಾಷೆ ಬರುತ್ತಿರಲಿಲ್ಲ, ಕೊನೆಗೆ ಫಾಂಟ್ ಇರಲಿಲ್ಲ. ಬೂಟ್ ಆಗದಿರುವುದೇ ಬೇರೆ, ಡೇಟಾ ಹೋಗಿರುವುದೇ ಬೇರೆ. ನಿಜವಾಗಿ ಕಳೆಯುವುದು, ಕಾಣುತ್ತಿಲ್ಲ ಅನ್ನುವ ಗಾಬರಿಗೆ ಅದರ ಮೇಲೆ ಇನ್ನೊಂದನ್ನು ಬರೆದಾಗ.

ಹಾಗಾಗಿ ನಿಮ್ಮ ಮನೆಯಲ್ಲೂ ಹೀಗಾದರೆ ರಿಪೇರಿಗಿಂತ ಮೊದಲು ಒಂದು ಲೈವ್ ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಬೇಕಾದ್ದನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಹೊಸ ಯಂತ್ರಗಳಲ್ಲಿ ಯುಇಎಫ್‌ಐ ಪದ್ಧತಿ, ಅಲ್ಲಿ ಪ್ರತಿ ಸಿಸ್ಟಮ್ಮಿಗೂ ಬೂಟ್ ಪಾರ್ಟಿಷನ್ನಿನಲ್ಲಿ ಬೇರೆ ಫೋಲ್ಡರ್ ಇರುತ್ತದೆ. ಎಷ್ಟೋ ಸಲ ಸೆಟಪ್ಪಿನಲ್ಲಿ ಬೂಟ್ ಸರದಿ ಬದಲಿಸಿದರೆ ಸಾಕು. ಆದರೆ ಬಿಟ್‌ಲಾಕರ್ ಹಾಕಿದ್ದರೆ ಏನನ್ನಾದರೂ ಮುಟ್ಟುವ ಮುಂಚೆ ಅದರ 48 ಅಂಕಿಯ ರಿಕವರಿ ಕೀ ಕೈಯಲ್ಲಿರಲಿ. ಲಿನಕ್ಸಿಗೆ ಹೋಗಿ ಬಂದ ಮೇಲೆ ವಿಂಡೋಸ್ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಯಂತ್ರ ಕೆಟ್ಟಿಲ್ಲ. ಒಳಗಿನ ಗಡಿಯಾರವನ್ನು ಒಂದು ಯುಟಿಸಿ ಅಂತ ಓದುತ್ತಿದೆ, ಇನ್ನೊಂದು ಭಾರತದ ಸಮಯ ಅಂತ.

ಈಗ ಹಾಡುಗಳನ್ನು ಒಂದೊಂದಾಗಿ ಯುನಿಕೋಡಿಗೆ ತರುತ್ತಿದ್ದೇವೆ. ಪರಿವರ್ತಕಕ್ಕೆ ಹಾಕಿ ತೆಗೆಯುವುದು ನನ್ನ ಪಾಲು. ಅಲ್ಲಿ ಇಲ್ಲಿ ಜಾಗ ತಪ್ಪಿದ ಅರ್ಕಾವೊತ್ತುಗಳನ್ನು ತಿದ್ದುವುದು ಅಪ್ಪಯ್ಯನ ಪಾಲು, ಮೇಷ್ಟ್ರಿಗೆ ಕೆಂಪು ಪೆನ್ನು ಮತ್ತೆ ಸಿಕ್ಕಿದಷ್ಟು ಖುಷಿ. ಮೂರು ಕಡೆ ಪ್ರತಿ ಇದೆ. ನಿಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲೂ ಇಂಥ ನುಡಿ ಫೈಲುಗಳು ಇರಬಹುದು. ಯಂತ್ರ ಸರಿಯಾಗಿ ಎದ್ದು ಕೂರುತ್ತಿರುವಾಗಲೇ ಒಮ್ಮೆ ತೆರೆದು ನೋಡಿ, ಆಯ್ತಾ?