ಬೆಟ್ಟದೂರಿಗೊಂದು ಇಳಿಜಾರಿನ ದಾರಿ

ಪ್ರವಾಸದಷ್ಟೇ ನನಗೆ ಪ್ರಿಯವಾದದ್ದು ಅದರ ತಯಾರಿ. ನಕ್ಷೆ ಹರಡಿ, ರೈಲಿನ ವೇಳಾಪಟ್ಟಿ ಪಕ್ಕಕ್ಕಿಟ್ಟು, ಪೆನ್ಸಿಲ್ ಹಿಡಿದು ಕೂತರೆ ಸಂಜೆ ಕಳೆದು ರಾತ್ರಿಯಾದದ್ದೂ ತಿಳಿಯುವುದಿಲ್ಲ. ಕಾಣದ ಊರೊಂದು ಬೀದಿಬೀದಿಯಾಗಿ ಪರಿಚಯವಾಗುವ ಸುಖ ಅದು. ಈಗ ನನ್ನ ಮೇಜು ತುಂಬ ಪೋರ್ಚುಗಲ್ಲಿನ ಪೋರ್ಟೋ. ಜೊತೆಗೆ ಬರುವವರು ಅಮ್ಮ, ತೀರ್ಥಹಳ್ಳಿಯಲ್ಲಿ ತುಂಗೆಯ ದಡದಲ್ಲಿ ಬೆಳೆದವರು. ಅವರ ಬೇಡಿಕೆ ಇಷ್ಟೇ: "ಹೊಳೆ ಕಣ್ತುಂಬ ನೋಡ್ಬೇಕು. ಮೆಟ್ಟಿಲು ಮಾತ್ರ ಹತ್ತಿಸ್ಬೇಡ ಮಾರಾಯ, ಮಂಡಿ ಕೇಳಲ್ಲ."

ಪೋರ್ಟೋದಲ್ಲಿ ಇದು ಸುಲಭದ ಬೇಡಿಕೆಯಲ್ಲ. ಸ್ಪೇನಿನಲ್ಲಿ ಹುಟ್ಟುವ ದೋರು ನದಿ ಸುಮಾರು 900 ಕಿ.ಮೀ. ಹರಿದು, ಅಟ್ಲಾಂಟಿಕ್ ಸೇರುವ ಮುನ್ನ ಗ್ರಾನೈಟ್ ಬೆಟ್ಟಗಳ ನಡುವೆ ಹಾಯುತ್ತದೆ. ಆ ಕಡಿದಾದ ದಡವನ್ನೇ ಹಿಡಿದು ಊರು ಬೆಳೆದಿದೆ. ಸಾಮಾನ್ಯ ನಕ್ಷೆಯಲ್ಲಿ ನದಿ ಪಕ್ಕದ ರಿಬೈರಾ ಕೇರಿಗೂ ಮೇಲಿನ ಹಳೆಯ ಕೆಥೆಡ್ರಲ್‌ಗೂ ನಡುವೆ ಬೆರಳಗಲದ ದೂರ. ಎತ್ತರದ ಗೆರೆಗಳಿರುವ ನಕ್ಷೆ ತೆಗೆದರೆ ಅದೇ ಜಾಗದಲ್ಲಿ ಗೆರೆಗಳು ಸೀರೆಯ ನೆರಿಗೆಯಂತೆ ಒತ್ತಿಕೊಂಡಿವೆ. ಇಂಥ ಊರಿನಲ್ಲಿ ಕಿಲೋಮೀಟರು ಲೆಕ್ಕ ಹಾಕಿ ಪ್ರಯೋಜನವಿಲ್ಲ. ಎಷ್ಟು ಹತ್ತಬೇಕು, ಎಷ್ಟು ಇಳಿಯಬೇಕು ಎಂಬುದೇ ಲೆಕ್ಕ.

ಈ ಲೆಕ್ಕದ ಕೀಲಿಕೈ ದೊಂ ಲೂಯಿಸ್ ಸೇತುವೆ. 1886ರಲ್ಲಿ ತೆರೆದ, 172 ಮೀಟರ್ ಹರವಿನ ಕಬ್ಬಿಣದ ಕಮಾನು. ಸೇತುವೆಯ ವಿನ್ಯಾಸ ಐಫೆಲ್‌ನ ಒಂದು ಕಾಲದ ಪಾಲುದಾರ ತಿಯೋಫಿಲ್ ಸೈರಿಗ್‌ನದು. ಅದಕ್ಕೆ ಎರಡು ಅಂತಸ್ತು: ಕೆಳಗಿನದು ಎರಡು ದಡಗಳನ್ನು ಕೂಡಿಸಿದರೆ, ಮೇಲಿನದು ಎರಡು ಗುಡ್ಡಗಳನ್ನು ಕೂಡಿಸುತ್ತದೆ. ಮೇಲೆ ಮೆಟ್ರೋ ಪಕ್ಕದಲ್ಲೇ ಸಮತಟ್ಟಾಗಿ ನಡೆದು ಹೋಗಬಹುದು. ಇದನ್ನು ನಕ್ಷೆಯಲ್ಲಿ ಕಂಡ ಗಳಿಗೆಯಿಂದ ನನಗೆ ಊರು ತೆರೆದುಕೊಳ್ಳತೊಡಗಿತು.

ಒಂದು ದಿನದ ಸುತ್ತು ಹೀಗೆ ಸಿದ್ಧವಾಗಿದೆ. ಬೆಳಿಗ್ಗೆ ಮೇಲಿನ ಬತಾಲ್ಯಾ ಚೌಕದಿಂದ ಗಿಂದಾಯಿಸ್ ಫ್ಯೂನಿಕ್ಯುಲರ್ ಹತ್ತಿ ನದಿಗೆ ಇಳಿಯುವುದು. 1891ರಲ್ಲಿ ಶುರುವಾಗಿ, ಎರಡೇ ವರ್ಷದಲ್ಲಿ ಅಪಘಾತದಿಂದ ನಿಂತು, 2004ರಲ್ಲಿ ಮತ್ತೆ ಓಡತೊಡಗಿದ ಇಳಿಜಾರಿನ ರೈಲು ಅದು. ರಿಬೈರಾ ಉತ್ತರ ದಡದಲ್ಲಿದ್ದು ದಕ್ಷಿಣಕ್ಕೆ ಮುಖ ಮಾಡಿದೆ, ಹಾಗಾಗಿ ಎಳೆಬಿಸಿಲು ಕಾಯಿಸುತ್ತ ಕೂರಲು ತಕ್ಕ ಜಾಗ. ಬಿಸಿಲೇರಿದ ಮೇಲೆ ಕೆಳಸೇತುವೆ ದಾಟಿ ಎದುರಿನ ಗಾಯಾ. ಉತ್ತರಕ್ಕೆ ವಾಲಿದ ಆ ಇಳಿಜಾರು ತಂಪು. ಪೋರ್ಟ್ ವೈನಿನ ಪೀಪಾಯಿಗಳನ್ನು ತಲೆಮಾರುಗಳಿಂದ ಅಲ್ಲಿ ಇರಿಸುವುದಕ್ಕೆ ಆ ತಂಪೂ ಒಂದು ಕಾರಣ. ಇಳಿಹೊತ್ತಿಗೆ ಕೇಬಲ್ ಕಾರಿನಲ್ಲಿ ಮೇಲೇರಿ ಮೊರ್ರು ಉದ್ಯಾನ ಸೇರಿದರೆ ಸೂರ್ಯ ಪಶ್ಚಿಮದಲ್ಲಿ, ಸಮುದ್ರದ ಕಡೆಗೆ; ಎದುರಿಗೆ ಇಡೀ ಪೋರ್ಟೋ. ಆಮೇಲೆ ಮೇಲ್ಸೇತುವೆಯ ಮೇಲೆ ನಡೆದು ಹೊರಟಲ್ಲಿಗೇ ವಾಪಸು. ಇಷ್ಟೂ ದಾರಿಯಲ್ಲಿ ಅಮ್ಮ ಹತ್ತಬೇಕಾದ ದೊಡ್ಡ ಏರು ಒಂದೂ ಇಲ್ಲ. ಕೇಬಲ್ ಕಾರು ನಿಲ್ಲುವ ವೇಳೆಯನ್ನು ಮಾತ್ರ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ಹೋಗುವ ಕಾಲವನ್ನೂ ನಕ್ಷೆಯಷ್ಟೇ ಎಚ್ಚರದಿಂದ ಆರಿಸಿದ್ದೇನೆ. ಪೋರ್ಟೋಗೆ ಮಳೆ ಹೆಚ್ಚು ಚಳಿಗಾಲದಲ್ಲಿ. ಆಗ ಕಲ್ಲುಹಾಸಿನ ಬೀದಿಗಳು ಜಾರುತ್ತವೆ. ನಮ್ಮಲ್ಲಿ ಮುಂಗಾರು ಹಿಡಿಯುವ ಜೂನ್ ಅಲ್ಲಿ ಬೇಸಗೆಯ ಬಾಗಿಲು, ಸೂರ್ಯ ಮುಳುಗಲು ರಾತ್ರಿ ಒಂಬತ್ತಾಗುತ್ತದೆ. ಜೂನ್ 23ರ ರಾತ್ರಿ ಸಾಂವ್ ಜೊವಾಂವ್ ಹಬ್ಬ. ಅದರ ಮುಂಚಿನ ದಿನಗಳಲ್ಲಿ ಪುಟ್ಟ ಕುಂಡಗಳಲ್ಲಿ ಮಂಜೆರಿಕು ಗಿಡ ಮಾರುತ್ತಾರೆ. ನಮ್ಮ ತುಳಸಿಯ ಕುಲದ್ದೇ ಗಿಡ. ಮೂಗು ತಾಗಿಸದೆ, ಅಂಗೈಯಿಂದ ಸವರಿ ಕೈಯನ್ನು ಮೂಸುವುದು ಅಲ್ಲಿನ ಪದ್ಧತಿ. ಇದನ್ನು ಹೇಳಿದಾಗಿನಿಂದ ಅಮ್ಮನ ಪ್ರವಾಸ ಆಗಲೇ ಶುರುವಾಗಿದೆ.

ಊಟದ ಟಿಪ್ಪಣಿಯೂ ಬೇಕು. ಸೊಪ್ಪು, ಆಲೂಗಡ್ಡೆಯ ಕಾಲ್ದು ವೆರ್ದೆ ಸಾರಿಗೆ ಮಾಂಸದ ತುಂಡು ಹಾಕುವ ರೂಢಿ. ಅದಿಲ್ಲದೆ ಸಿಗುತ್ತದೆಯೇ ಎಂದು ಮೊದಲೇ ಕೇಳಬೇಕು. ಮೆಕ್ಕೆಜೋಳದ ಬ್ರೆಡ್ ಬ್ರೋವಾ ಇದ್ದೇ ಇರುತ್ತದೆ.

ಇನ್ನೊಂದು ಇಡೀ ದಿನ ಹೊಳೆಗೇ ಮೀಸಲು. 1916ರಲ್ಲಿ ತೆರೆದ ಸಾಂವ್ ಬೆಂತು ನಿಲ್ದಾಣದಲ್ಲಿ ಜಾರ್ಜ್ ಕೊಲಾಸು ಚಿತ್ರಿಸಿದ ಸುಮಾರು 20,000 ನೀಲಿ ಹೆಂಚುಗಳನ್ನು ನೋಡಿಕೊಂಡು ಪಿನ್ಯಾಂವ್ ಕಡೆಯ ರೈಲು. ಹಳಿ ನದಿಯ ಉತ್ತರ ದಡದಲ್ಲಿದೆ, ಆದ್ದರಿಂದ ಹೋಗುವಾಗ ಬಲಗಡೆಯ ಕಿಟಕಿ, ಬರುವಾಗ ಎಡಗಡೆಯದು. 1756ರಲ್ಲಿ ಗಡಿ ಗುರುತಿಸಿದ ದ್ರಾಕ್ಷಿಸೀಮೆ ಇದು. ಬೆಟ್ಟಕ್ಕೆ ಬೆಟ್ಟವೇ ಮೆಟ್ಟಿಲಾಗಿದೆ. ಆ ಮೆಟ್ಟಿಲುಗಳನ್ನು ಅಮ್ಮ ಕೂತಲ್ಲಿಂದಲೇ ನೋಡಬಹುದು.

ಮೊದಲೇ ಎಲ್ಲ ಗೊತ್ತುಮಾಡಿಕೊಂಡರೆ ಅಚ್ಚರಿಗೆ ಜಾಗವೆಲ್ಲಿ ಎನ್ನುವವರಿದ್ದಾರೆ. ಅಚ್ಚರಿಪಡಲೂ ಮೈಯಲ್ಲಿ ಕಸುವು ಉಳಿದಿರಬೇಕು. ದಾರಿ ಗೊತ್ತಿಲ್ಲದೆ ಹತ್ತಿ ಸುಸ್ತಾದವರ ಗಮನವೆಲ್ಲ ನೋಯುವ ಕಾಲಿನ ಮೇಲೆಯೇ ಇರುತ್ತದೆ. ಏರು ಎಲ್ಲಿದೆ, ಅದನ್ನು ಬಳಸಿ ಹೋಗುವ ದಾರಿ ಎಲ್ಲಿದೆ ಎಂದು ಮನೆಯಲ್ಲೇ ಕೂತು ಹುಡುಕಿಕೊಂಡರೆ, ಬೆಟ್ಟದೂರು ಬಂದವರ ವಯಸ್ಸು ಕೇಳುವುದಿಲ್ಲ.