ಮನೆಗೊಂದು ಸೀರೆ

"ಅತ್ಯಾ, ಈ ಕೌದಿ ಡಿಸೈನ್ ಮಾಡಿದವರು ಯಾರು?"

ನನ್ನ ತಮ್ಮನ ಮಗಳು ಬೆಂಗಳೂರಿನಲ್ಲಿ ಜವಳಿ ವಿನ್ಯಾಸ ಓದುತ್ತಾಳೆ. ಕಾಲೇಜಿನ ಯಾವುದೋ ಕೆಲಸಕ್ಕಾಗಿ ನಮ್ಮ ಟ್ರಂಕಿನಲ್ಲಿದ್ದ ಕೌದಿಯನ್ನು ಪಡಸಾಲೆಯಲ್ಲಿ ಹಾಸಿ, ಟೇಪು ಹಿಡಿದು ಅಳೆದು, ಫೋಟೊ ತೆಗೆದುಕೊಂಡು ಹೀಗೆ ಕೇಳಿದಳು. ಹೊಲಿದವಳು ನಮ್ಮ ದೊಡ್ಡವ್ವ ಅಂದೆ. ಬರೆದುಕೊಂಡಳು. ಅದು ಅರ್ಧ ಉತ್ತರ. ಪೂರ್ತಿ ಹೇಳಬೇಕೆಂದರೆ ಹುಬ್ಬಳ್ಳಿಯಿಂದ ಬಾಗಲಕೋಟೆಗೆ ಹೋಗುವ ರಸ್ತೆಯನ್ನು ಹೇಳಬೇಕು, ಬ್ಯಾಸಗಿ ಸೂಟಿಯಲ್ಲಿ ಆ ರಸ್ತೆ ಹಿಡಿದು ದೊಡ್ಡವ್ವ ತವರಿಗೆ ಹೋಗುತ್ತಿದ್ದ ರೀತಿಯನ್ನು ಹೇಳಬೇಕು. ಅದು ಯಾವ ದಾಖಲೆಯಲ್ಲೂ ಇಲ್ಲ. ಅವಳ ಜೊತೆ ಹೋಗುತ್ತಿದ್ದ ಮಕ್ಕಳಲ್ಲಿ ನಾನೇ ಹಿರಿಯಳು, ಹೆಚ್ಚು ನೆನಪಿರುವುದು ನನಗೇ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡು ನಮ್ಮ ಮನೆಗೆ ಬಂದು ಉಳಿದವಳು. ನಮ್ಮ ಓಣಿಯಲ್ಲಿ ಯಾರಿಗೆ ದಿನ ತುಂಬುತ್ತ ಬಂದರೂ ಕೂಸಿನ ಕೌದಿ, ಕುಂಚಿಗೆ ಅವಳ ಕೈಯಿಂದಲೇ ಆಗಬೇಕಿತ್ತು. ಆದರೆ ಇಬ್ಬರು ಹೊದೆಯುವಂಥ ದೊಡ್ಡ ಕೌದಿಯನ್ನು ಅವಳು ಹುಬ್ಬಳ್ಳಿಯಲ್ಲಿ ಹಾಕುತ್ತಿರಲಿಲ್ಲ. ಏಪ್ರಿಲ್ 10ಕ್ಕೆ ನಮ್ಮ ರಿಸಲ್ಟ್ ಆಗುವುದನ್ನೇ ಕಾಯುತ್ತಿದ್ದಳು. ಮರುದಿನ ದುರ್ಗದ ಬೈಲಿಗೆ ಹೋಗಿ ದಾರ, ಸೂಜಿ ತಂದು, ದಾರಕ್ಕೆ ಮೇಣ ತಿಕ್ಕಿ ಸುತ್ತಿಟ್ಟುಕೊಳ್ಳುತ್ತಿದ್ದಳು. ಸಾಮಾನು ಅಷ್ಟೇ. ಜೊತೆಗೊಂದು ಖಾಲಿ ಗೋಣಿಚೀಲ. ಆ ಚೀಲ ದಾರಿಯಲ್ಲಿ ತುಂಬುತ್ತ ಹೋಗಬೇಕು.

ಬೆಳಗಿನ ಕೆಂಪು ಬಸ್ಸು ಹುಬ್ಬಳ್ಳಿ ದಾಟಿದರೆ ಎರಿಭೂಮಿ ಶುರು. ಕಣ್ಣು ಹಾಯುವ ತನಕ ಒಂದು ಮರ ಸಿಗದ ಬಯಲು. ಆಗಿನ್ನೂ ಜಯಧರ ಹತ್ತಿಯ ಕಾಲ. ಮಳೆಗಾಲದ ಕೊನೆಗೆ ಬಿತ್ತಿದ ಹತ್ತಿ ಬೇಸಿಗೆಗೆ ಒಡೆಯುತ್ತಿತ್ತು. ನಾವು ಹೋಗುವ ಹೊತ್ತಿಗೆ ಕೆಲವು ಹೊಲಗಳಲ್ಲಿ ಕಡೆಯ ಬಿಡಿಸುವಿಕೆ ನಡೆದಿರುತ್ತಿತ್ತು. ಹತ್ತಿ ಹೇರಿಕೊಂಡು ಹೋದ ಚಕ್ಕಡಿಗಳ ಗುರುತು ದಾರಿಯುದ್ದಕ್ಕೂ ಜಾಲಿಮುಳ್ಳಿಗೆ ಸಿಕ್ಕಿಕೊಂಡಿರುತ್ತಿತ್ತು. ಬಸ್ಸು ನಿಂತಲ್ಲಿ ಇಳಿದು ನಾವು ಮಕ್ಕಳು ಆ ಹತ್ತಿಯನ್ನು ಕೀಳುತ್ತಿದ್ದೆವು. ಈಗಿನವರು ನೋಡುವುದು ಬಿಟಿ ಹತ್ತಿ. ಅದು 2002ರ ನಂತರ ಬಂದದ್ದು. ಎರಿಹೊಲದ ಆ ಗಿಡ್ಡ ಎಳೆಯ ಹತ್ತಿ ಕಣ್ಣಿಗೆ ಬೀಳುವುದೇ ಅಪರೂಪವಾಗಿದೆ.

ನವಲಗುಂದದಲ್ಲಿ ಒಂದು ರಾತ್ರಿ, ನರಗುಂದದ ಚಿಗವ್ವನ ಮನೆಯಲ್ಲಿ ಎರಡು, ಕೊಣ್ಣೂರಲ್ಲಿ ಮಲಪ್ರಭೆ ದಾಟಿ ಕುಳಗೇರಿ ಕ್ರಾಸಿನಲ್ಲಿ ಮಂಡಕ್ಕಿ ಮಿರ್ಚಿ ತಿಂದು ಕೆರೂರಿಗೆ. ಅಲ್ಲಿಗೆ ಬರುವಷ್ಟರಲ್ಲಿ ಮಣ್ಣು ಕೆಂಪಾಗಿರುತ್ತಿತ್ತು. 120 ಕಿಲೋಮೀಟರಿನ ಆಸುಪಾಸಿನ ದಾರಿಗೆ ನಮಗೆ ವಾರದ ಮೇಲೆ ಹಿಡಿಯುತ್ತಿತ್ತು. ಬಂಧುಗಳ ಮನೆಯನ್ನು ದಾಟಿ ಮುಂದಕ್ಕೆ ಹೋಗುವ ಪದ್ಧತಿಯೇ ಇರಲಿಲ್ಲ. ಉಂಡು, ಮಲಗಿ, ಹಳೆಯ ಜಗಳ ಮುಗಿಸಿ, ಹೊಸ ಹೆಣ್ಣು–ಗಂಡು ಮಾತಾಡಿ ಹೊರಡುವಾಗ ಮನೆಯಾಕೆ ಒಂದು ಹಳೆಯ ಸೀರೆಯನ್ನು ಮಡಚಿ ತಂದು ದೊಡ್ಡವ್ವನ ಉಡಿಗೆ ಹಾಕುತ್ತಿದ್ದಳು. ಮನೆಗೊಂದೇ. ಅದು ಆ ಮನೆಯಲ್ಲಿ ಉಟ್ಟು ಒಗೆದು ಮೆತ್ತಗಾಗಿದ್ದಿರಬೇಕು. ನವಲಗುಂದದ ಅತ್ತೆಯೊಬ್ಬಳು ಪ್ರೀತಿಗೆ ಹೊಸ ಬಟ್ಟೆ ಕೊಡಲು ಬಂದಾಗ ದೊಡ್ಡವ್ವ ತಗೊಳ್ಳಲಿಲ್ಲ. "ಹೊಸಾದು ನಿನ್ನ ಕಡೇನ ಇರ್ಲಿ. ನೀ ಉಟ್ಟದ್ದು ಕೊಡು, ಅಂದ್ರ ನಮ್ಮ ಹುಡುಗ್ರಿಗೆ ನಿನ್ನ ಬೆಚ್ಚಗ ತಗಲ್ತೈತಿ" ಅಂದಳು.

ಅವಳಿಗೆ ಬಟ್ಟೆಯ ಗುಣ ಕೈಯಲ್ಲೇ ತಿಳಿಯುತ್ತಿತ್ತು. ಇಲಕಲ್ ಸೀರೆ ಸಿಕ್ಕರೆ ಮೊದಲು ಸೆರಗು ಬೇರೆ ಮಾಡುತ್ತಿದ್ದಳು. ಇಲಕಲ್ಲಿನಲ್ಲಿ ಒಡಲು ಹತ್ತಿಯದು, ಸೆರಗು ರೇಷ್ಮೆಯದು; ಎರಡರ ಹಾಸಿನ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸಿರುತ್ತಾರೆ, ಟೋಪಿ ತೆನಿ ಅನ್ನುತ್ತಾರೆ. ಆ ಕೂಡಿಕೆಯ ಹತ್ತಿರವೇ ಕತ್ತರಿಸಿ ಕೆಂಪು ಸೆರಗನ್ನು ಕುಂಚಿಗೆಗೆ ಎತ್ತಿಡುತ್ತಿದ್ದಳು. ಚಿಕ್ಕಿಪರಾಸಿನ ದಡಿಯನ್ನು ಉದ್ದಕ್ಕೆ ಹರಿದು ಕೌದಿಯ ಅಂಚಿಗೆ. ಗುಳೇದಗುಡ್ಡದ ಖಣದ ಕುಬಸ ಹರಿದಿದ್ದರೆ ಬೆನ್ನಿನ ಭಾಗ ಚೌಕವಾಗಿ ನಡುವಿಗೆ. ಕಂಕುಳ ಬೆವರಿಗೆ ಸುಟ್ಟುಹೋದ ತುಂಡು ಒಳಗಿನ ಪದರಕ್ಕೆ. ಗಂಡಸರ ಧೋತರಗಳೆಲ್ಲ ಒಳಗೇ. ತಮ್ಮನ ಮಗಳು ಡಿಸೈನ್ ಎಂದು ಕರೆದದ್ದು ಈ ತೀರ್ಮಾನಗಳನ್ನು. ಯಾವ ಬಣ್ಣದ ಪಕ್ಕ ಯಾವುದು ಎಂಬುದು ಎಷ್ಟೋ ಸಲ ಯಾರ ಪಕ್ಕ ಯಾರು ಎಂಬುದೂ ಆಗಿರುತ್ತಿತ್ತು. ಮಾತು ಬಿಟ್ಟಿದ್ದ ಇಬ್ಬರು ವಾರಗಿತ್ತಿಯರ ಸೀರೆಗಳನ್ನು ದೊಡ್ಡವ್ವ ಬೇಕೆಂದೇ ಒಂದಕ್ಕೊಂದು ತಾಗಿಸಿ ಹೊಲಿದದ್ದು ನನಗೆ ಗೊತ್ತಿದೆ.

ತವರು ಘಟಪ್ರಭೆಯ ದಂಡೆಯ ಊರು. ಬೇವಿನ ಮರದ ಕೆಳಗೆ ನೆಲ ಸಾರಿಸಿ, ಒಣಗಿದ ಮೇಲೆ ತಳದ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ ಬಿಗಿ ಮಾಡುತ್ತಿದ್ದಳು. ಮೇಲೆ ಧೋತರದ ಪದರಗಳು, ಅದರ ಮೇಲೆ ಬಣ್ಣದ ತುಂಡುಗಳು. ಆಮೇಲೆ ಅವಳು ಒಂದು ಮೂಲೆ ಹಿಡಿದರೆ ಮತ್ತೆ ಮೂವರು ಹೆಂಗಸರು ಉಳಿದ ಮೂಲೆ ಹಿಡಿಯುತ್ತಿದ್ದರು. ಹೊಲಿಗೆ ಅಂಚಿನಿಂದ ಒಳಕ್ಕೆ, ಸುತ್ತು ಹಾಕುತ್ತ ನಡುವಿಗೆ ಬರಬೇಕು. ಬಿಸಿಲೇರಿದರೆ ಪಡಸಾಲೆಗೆ, ಇಳಿಹೊತ್ತಿಗೆ ಮತ್ತೆ ಮರದ ಕೆಳಗೆ. ನಾಲ್ವರು ಕೂತರೂ ನಾಲ್ಕೈದು ದಿನದ ಕೆಲಸ. ಕಡೆಯ ಮೂಲೆ ಮುಚ್ಚುವ ಮುಂಚೆ ಹೋಳಿಗೆಯ ಚೂರೊಂದನ್ನು ಒಳಗೆ ಇಡುತ್ತಿದ್ದಳು. ಹೊದ್ದವರು ಉಪವಾಸ ಮಲಗಬಾರದು ಎಂದು ಅದರ ಅರ್ಥ.

ಆ ಕೌದಿಯ ವಾಸನೆಯನ್ನು ಈಗಲೂ ನಾನು ಕಣ್ಣು ಕಟ್ಟಿದರೂ ಗುರುತು ಹಿಡಿದೇನು. ಬಿಸಿಲಿಗೆ ಕಾದ ಹತ್ತಿ, 501 ಬಾರಿನ ಸಾಬೂನು, ಬೇವಿನ ಎಲೆ, ಬಾಣಂತಿ ಕೋಣೆಯ ಲೋಬಾನದ ಹೊಗೆ, ಎಲ್ಲದರ ತಳದಲ್ಲಿ ಮನುಷ್ಯರ ಮೈ. ಮಹಾನವಮಿಯ ಮುಂಚೆ ಹೊಳೆಗೆ ಒಯ್ದು ಒಗೆದರೂ ಆ ತಳದ ವಾಸನೆ ಹೋಗುತ್ತಿರಲಿಲ್ಲ. ತೊಯ್ದ ಕೌದಿಯ ಭಾರ ಎತ್ತಿದವರಿಗೇ ಗೊತ್ತು. ಇಬ್ಬರು ಎದುರಾಬದರು ನಿಂತು ಹಿಂಡಬೇಕಿತ್ತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ದೊಡ್ಡವ್ವನಿಗೆ ಅನ್ಯಾಯ. ಅವಳಿಗೆ ಒಂದು ಕೌದಿಗೂ ಯಾರೂ ಕೂಲಿ ಕೊಡಲಿಲ್ಲ. ಮನೆಯವಳು ಎಂಬ ಮಾತಿನಲ್ಲೇ ಕೂಲಿ ಮುಗಿಯುತ್ತಿತ್ತು. ಕೂಸಿಗೆ ಕೌದಿ ಅವಳ ಕೈಯದೇ ಬೇಕು. ಅದೇ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅವಳು ಒಳಗೆ ಅಡುಗೆಮನೆಯಲ್ಲಿರಬೇಕು, ಮುತ್ತೈದೆಯರ ಸಾಲಿನಲ್ಲಿ ಕಾಣಿಸಿಕೊಳ್ಳಬಾರದು. ಊರಿಗೆ ಬೇಸಿಗೆಯಲ್ಲಿ ಕೌದಿ ಹೊಲಿಯಲು ಗೊಂದಲಿಗರ ಹೆಣ್ಣುಮಕ್ಕಳೂ ಬರುತ್ತಿದ್ದರು. ಅವರ ಹೊಲಿಗೆ ದೊಡ್ಡವ್ವನದಕ್ಕಿಂತ ನೇರ, ವೇಗವೂ ಹೆಚ್ಚು. ಅದನ್ನು ಅವಳೇ ಒಪ್ಪುತ್ತಿದ್ದಳು. ಜೋಳ, ಒಂದಿಷ್ಟು ರೊಕ್ಕ, ಹಳೆಯ ಬಟ್ಟೆ ಅವರ ಕೂಲಿ. ಅವರು ಹೊಲಿದ ಕೌದಿ ನಮ್ಮ ಮಲಗುವ ಕೋಣೆಗೆ ಬರುತ್ತಿತ್ತು, ಅವರು ಮಾತ್ರ ಕಟ್ಟೆ ದಾಟಿ ಒಳಗೆ ಬರುವಂತಿರಲಿಲ್ಲ. ಅವರಿಗೆ ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಕೌದಿಯ ಬಗ್ಗೆ ಮಿದುವಾಗಿ ಮಾತಾಡುವ ನಾವೆಲ್ಲ ಇದನ್ನು ನುಂಗಿಕೊಂಡೇ ಮಾತಾಡುತ್ತೇವೆ.

ಬದಲಾವಣೆ ಮೊದಲು ಕಂಡದ್ದು ಕೆರೂರಿನಲ್ಲಿ. ನಾವು ಹೋದಾಗ ಸೋದರ ಸೊಸೆ ಬಾಗಿಲಲ್ಲಿ ಕೂತು ಸ್ಟೀಲ್ ಪಾತ್ರೆಯವಳ ಜೊತೆ ವ್ಯವಹಾರ ನಡೆಸಿದ್ದಳು. ಒಂದು ಹೊಳೆಯುವ ಕೊಡ. ಅದಕ್ಕೆ ಎದುರಾಗಿ ಆರು ಹತ್ತಿ ಸೀರೆ, ಎರಡು ಧೋತರ. ದೊಡ್ಡವ್ವ ಚೀಲ ಇಳಿಸಿ ಅಲ್ಲೇ ಕೂತಳು.

"ಎರಡು ಸೀರಿ ನನಗ ಬಿಡವಾ, ರೊಕ್ಕಾ ಕೊಡ್ತೀನಿ."

"ಅರಿವಿ ಇಲ್ಲದ ಕೊಡಾ ಹೆಂಗ ಕೊಡ್ಲಿ ಯವ್ವಾ? ನಿನ್ನ ಕೌದ್ಯಾಗ ನೀರ ತುಂಬಾಕ ಬರತೈತೇನು?"

"ನಿನ್ನ ಕೊಡಾ ಹೊಚಗೊಂಡು ಮಕ್ಕೊಳ್ಳಾಕ ಬರತೈತೇನು?"

ಪಾತ್ರೆಯವಳು ನಕ್ಕಳು, ಬಿಡಲಿಲ್ಲ. ಮಾತು ಬಹಳ ಹೊತ್ತು ನಡೆಯಿತು. ಕೊನೆಗೆ ದೊಡ್ಡವ್ವ ಮುಂದಿನ ಬಸ್ಸಿಗೆ ಇಟ್ಟಿದ್ದ ರೊಕ್ಕವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟು ಎರಡು ಸೀರೆ ಬಿಡಿಸಿಕೊಂಡಳು. ಸೊಸೆಗೆ ಸಿಟ್ಟು ಬಂತು. "ದಿನಾ ತಾಮ್ರದ ಕೊಡಾ ಹೊತ್ತು ನನ್ನ ಟೊಂಕ ಬಿದ್ದೈತಿ. ಇದು ಹಗೂರ ಐತ್ರಿ, ಹುಣಸಿಹಣ್ಣ ಹಚ್ಚಿ ತಿಕ್ಕೂದೂ ಇಲ್ಲ" ಅಂದಳು. ಅವಳು ಹೇಳಿದ್ದು ನಿಜ. ಆ ಕೊಡ ಅವಳ ದಿನದ ನೋವನ್ನು ಕಡಿಮೆ ಮಾಡುವಂಥದ್ದು, ಕೌದಿ ಹಾಗೆ ಮಾಡುವಂಥದ್ದಲ್ಲ. ದೊಡ್ಡವ್ವ ಎದುರುತ್ತರ ಕೊಡಲಿಲ್ಲ. ಆದರೆ ಆ ವರ್ಷದಿಂದ ಒಂದೊಂದೇ ಮನೆಯಲ್ಲಿ ಹಳೆಯ ಸೀರೆ ಮಡಚಿಡುವುದು ನಿಂತಿತು. ಅದೇ ಹೊತ್ತಿಗೆ ಪಾಲಿಯೆಸ್ಟರ್ ಸೀರೆಗಳೂ ಬಂದವು. ಬಣ್ಣ ಹೋಗದು, ಇಸ್ತ್ರಿ ಬೇಡ, ತೊಯ್ದರೆ ತಾಸಿನಲ್ಲಿ ಒಣಗುತ್ತದೆ. ಪದರು ಪದರಾಗಿ ಇಟ್ಟರೆ ಮಾತ್ರ ಜಾರುತ್ತದೆ, ಬೆವರು ಹೀರುವುದಿಲ್ಲ, ಕೂಸಿನ ಮೈಗೆ ತಗುಲಿದರೆ ಕಾಯುತ್ತದೆ. ಅದರಿಂದ ಕೌದಿ ಆಗುವುದಿಲ್ಲ.

ಉಳಿದದ್ದನ್ನು ನೀರು ಮುಗಿಸಿತು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದನ್ನು ನಮ್ಮ ಹಿರಿಯರು ಬಲ್ಲರು. ಊರು ಮುಳುಗುತ್ತದೆ ಎಂಬ ಮಾತು ಅಷ್ಟು ವರ್ಷ ಕೇಳಿ ಕೇಳಿ ಯಾರೂ ನಂಬದಂತಾಗಿತ್ತು. 2000ದ ಆಚೀಚೆ ಹಿನ್ನೀರು ನಿಜವಾಗಿಯೂ ಬಂತು. ಬಾಗಲಕೋಟೆಯ ಹಳೆಯ ಓಣಿಗಳಿಗೇ ನೀರು ಹೊಕ್ಕು ನವನಗರ ಎದ್ದ ಕಾಲ ಅದು. ದೊಡ್ಡವ್ವನ ತವರೂರಿನ ಜನ ತಮ್ಮ ಮನೆಗಳನ್ನು ತಾವೇ ಕೆಡವಿದರು, ತೊಲೆ ಬಾಗಿಲು ಬಿಡಿಸಿಕೊಂಡರು. ದೇವರ ಮೂರ್ತಿಗಳನ್ನು, ಬೀಸುಕಲ್ಲುಗಳನ್ನು ಅವಳ ಹಳೆಯ ಕೌದಿಗಳಲ್ಲಿ ಸುತ್ತಿ ಟ್ರ್ಯಾಕ್ಟರಿಗೆ ಹೇರಿದರು. ಎಲ್ಲ ಮನೆಯ ಮುಂದೆ ಬಟ್ಟೆಯ ರಾಶಿ ಬಿದ್ದಿತ್ತು. ದೊಡ್ಡವ್ವನಿಗೆ ಜೀವನದಲ್ಲಿ ಮೊದಲ ಬಾರಿಗೆ ಕೇಳದೇ, ಉಣ್ಣದೇ, ಒಂದು ರಾತ್ರಿ ಉಳಿಯದೇ ಬೇಕಾದಷ್ಟು ಹತ್ತಿ ಸೀರೆ ಸಿಗುತ್ತಿತ್ತು. ಅವಳು ಒಂದನ್ನೂ ಎತ್ತಿಕೊಳ್ಳಲಿಲ್ಲ. ಪಾಂಜರಪೋಳದ ದನದಂತೆ ಪುನರ್ವಸತಿ ಕೇಂದ್ರದ ಸಾಲುಗಳಲ್ಲಿ ಜನ ನಿಂತರು. ಪರಿಹಾರದ ರೊಕ್ಕ ಕೆಲವರಿಗೆ ನಿಂತಿತು, ಬಹಳ ಜನಕ್ಕೆ ನಿಲ್ಲಲಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ನವನಗರಕ್ಕೆ, ಒಬ್ಬ ಗೋವಾದ ಕಟ್ಟಡ ಕೆಲಸಕ್ಕೆ, ಒಬ್ಬ ಮಂಗಳೂರಿಗೆ. ದೊಡ್ಡವ್ವ ಇನ್ನೂ ಕೆಲ ವರ್ಷ ಬದುಕಿದಳು. ದೊಡ್ಡ ಕೌದಿ ಮತ್ತೆ ಹಾಕಲಿಲ್ಲ.

ಈಗ ಅದೇ ದಾರಿ ರಾಷ್ಟ್ರೀಯ ಹೆದ್ದಾರಿ 52. ಕಾರಿನಲ್ಲಿ ಕೂತರೆ ಊಟದ ಹೊತ್ತಿಗೆ ಬಾಗಲಕೋಟೆ. ದಾರಿಯ ಮೇಲಿನ ಬಂಧುಗಳಿಗೆ ಫೋನಿನಲ್ಲಿ "ಬರೂ ಮುಂದ ಬರ್ತೀವಿ" ಅನ್ನುತ್ತೇವೆ, ಬರುವಾಗ ಕತ್ತಲಾಗಿರುತ್ತದೆ. ಮನೆಮನೆಯಲ್ಲಿ ಪಾನಿಪತ್ತಿನ ಪಾಲಿಯೆಸ್ಟರ್ ಬ್ಲಾಂಕೆಟ್ಟುಗಳಿವೆ, ಅಗ್ಗ, ಬೆಚ್ಚಗೂ ಇವೆ. ಕೌದಿ ಮಾತ್ರ ದೊಡ್ಡ ಊರಿನ ಅಂಗಡಿ ಸೇರಿದೆ. ಹೊಸ ಥಾನಿನ ಬಟ್ಟೆಯನ್ನು ತುಂಡು ಮಾಡಿ, ಹಳೆಯದರಂತೆ ಕಾಣಲೆಂದು ಬಣ್ಣ ಇಳಿಸಿ, ಮಶೀನಿನ ಹೊಲಿಗೆ ಹಾಕಿ ಸಾವಿರಗಟ್ಟಲೆ ಬೆಲೆಗೆ ಮಾರುತ್ತಾರೆ. ಇದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆದರೆ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ತಮ್ಮ ಕವಂದಿಗಳನ್ನು ಕೈಯಿಂದ ಹೊಲಿದು, ತಮ್ಮ ಹೆಸರಿನಲ್ಲಿ ಮಾರಿ ಕೂಲಿ ಎಣಿಸಿಕೊಳ್ಳುವುದನ್ನು ಕಂಡಾಗ ಸಂತೋಷವಾಗುತ್ತದೆ. ದೊಡ್ಡವ್ವನಿಗೂ, ಕಟ್ಟೆಯ ಕೆಳಗೆ ಕೂತ ಗೊಂದಲಿಗರ ಹೆಣ್ಣುಮಕ್ಕಳಿಗೂ ಸಿಗದೇ ಹೋದದ್ದು ಅದು.

ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಬಹಳ ಕಾಲದಿಂದ ನಡೆದಿದೆ. ಏರಿದರೆ ಇನ್ನಷ್ಟು ಊರು ಏಳಬೇಕು. ಆಗಲೂ ಅಳೆಯುವವರು ಬರುತ್ತಾರೆ. ಗೋಡೆ, ಗಿಡ, ಬಾವಿ ಎಣಿಸಿ ಬೆಲೆ ಕಟ್ಟುತ್ತಾರೆ. ಯಾರ ಮನೆಯಿಂದ ಯಾರ ಮನೆಗೆ ನಡೆದು ಹೋಗಿ ಒಂದು ರಾತ್ರಿ ಉಳಿಯಬಹುದಿತ್ತು ಎಂಬುದಕ್ಕೆ ಆ ಫಾರ್ಮಿನಲ್ಲಿ ಕಾಲಮ್ಮು ಇರುವುದಿಲ್ಲ. ನಮ್ಮ ಕುಟುಂಬ ಕಳೆದುಕೊಂಡದ್ದರಲ್ಲಿ ದೊಡ್ಡದು ಅದೇ. ಅದಕ್ಕೆ ಯಾರೂ ಪರಿಹಾರ ಕೇಳಲಿಲ್ಲ, ಯಾರೂ ಕೊಡಲೂ ಇಲ್ಲ.

ತಮ್ಮನ ಮಗಳಿಗೆ ಈಗ ಪೂರ್ತಿ ಉತ್ತರ ಕೊಡುತ್ತೇನೆ. ಈ ಕೌದಿಯ ಡಿಸೈನ್ ನವಲಗುಂದ, ನರಗುಂದ, ಕೆರೂರಿನ ಹೆಂಗಸರದು. ಮುಳುಗಿದ ಊರಿನ ಹೆಂಗಸರದು. ಅವರನ್ನೆಲ್ಲ ಕೂಡಿಸಿದ್ದು ದೊಡ್ಡವ್ವನ ಸೂಜಿ. ಕೌದಿ ಉಳಿಯಬೇಕೆಂದು ನಿನಗೆ ಮನಸ್ಸಿದ್ದರೆ ಅಂಗಡಿಯದನ್ನು ಕೊಳ್ಳಬೇಡ. ಹೊಲಿಯುವವರಿಗೆ ಕೈತುಂಬ ಕೂಲಿ ಕೊಡು, ಒಳಗೆ ಕರೆದು ಊಟಕ್ಕೆ ಕೂಡಿಸು. ಅದಕ್ಕೂ ಮೊದಲು ಒಂದು ಬ್ಯಾಸಗಿ ಕಾರು ನಿಲ್ಲಿಸುತ್ತ ಹೋಗು. ಬಂಧುಗಳ ಮನೆಯಲ್ಲಿ ಉಂಡು, ರಾತ್ರಿ ಅಲ್ಲೇ ಮಲಗಿ ಏಳು. ಉಟ್ಟು ಮೆತ್ತಗಾದ ಹತ್ತಿ ಸೀರೆಯನ್ನು ಅವರಾಗಿಯೇ ತಂದು ಕೊಡುವಷ್ಟು ಬಳಕೆ ಮತ್ತೆ ಬೆಳೆದರೆ ಕೌದಿ ಬದುಕುತ್ತದೆ. ಬೆಳೆಯದಿದ್ದರೆ ಎಷ್ಟು ಪ್ರದರ್ಶನ ಮಾಡಿದರೂ ಬದುಕುವುದಿಲ್ಲ.